ಮಾರ್ತಾಳನ್ನು ಕರೆದವರು

ಸತ್ತವರ ದನಿ ಕೇಳಿಸಿತು ಎಂದು ಯಾರಾದರೂ ಹೇಳತೊಡಗಿದರೆ ನಾನು ಕಾಫಿ ಮಾಡುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಮಲ್ಲೇಶ್ವರಂನ ಕಾಲೇಜೊಂದರಲ್ಲಿ ಭೂಗೋಳ ಪಾಠ ಮಾಡುವ ನನಗೆ ಅದೆಲ್ಲ ಹೊತ್ತು ಕಳೆಯುವ ಮಾತು ಅನ್ನಿಸುತ್ತಿತ್ತು. ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀವೇ ಯೋಚಿಸಿ.

ಕೆಲವು ವರ್ಷಗಳ ಹಿಂದೆ ಯುರೋಪಿನ ಒಂದು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬೇಸಿಗೆ ಕೋರ್ಸಿಗೆಂದು ನಮ್ಮ ಕಾಲೇಜಿಗೆ ಬಂದಿದ್ದರು. ಜಗತ್ತಿನ ಸಮಸ್ಯೆಗಳನ್ನು ಬೇರೆ ದೇಶದಲ್ಲಿ ಇದ್ದು, ಜನರ ನಡುವೆ ಓಡಾಡಿ ಕಲಿಯುವ ಕೋರ್ಸು. ಆ ವರ್ಷದ ವಿಷಯ ಕುಡಿಯುವ ನೀರು. ನಗರದ ಹಳೆಯ ಬಾವಿಗಳೆಲ್ಲ ಏನಾದವು ಎಂದು ಹುಡುಕುವುದು ಅವರ ಕೆಲಸ, ದಾರಿ ತೋರಿಸುವುದು ನನ್ನದು. ಅವರ ಬೇಸಿಗೆ ಎಂದರೆ ನಮ್ಮ ಮಳೆಗಾಲ. "ಬೇಸಿಗೆ ಕೋರ್ಸ್ ಅಂತೀಯ, ಎಲ್ಲಾ ಕೊಡೆ ಹಿಡ್ಕೊಂಡು ಓಡಾಡ್ತಿದಾರಲ್ಲೇ" ಎಂದು ಅಮ್ಮ ನಗುತ್ತಿದ್ದಳು.

ಅವರಲ್ಲಿ ಮಾರ್ತಾ ಎಂಬ ಪೋಲೆಂಡಿನ ಹುಡುಗಿ ಚಾಮರಾಜಪೇಟೆಯ ನಮ್ಮ ಮನೆಯಲ್ಲೇ ಉಳಿದಳು. ಆ ದಿನಗಳನ್ನು ನೆನೆದರೆ ಈಗಲೂ ಮನಸ್ಸು ಹಗುರಾಗುತ್ತದೆ. ಬೆಳಿಗ್ಗೆ ಅಮ್ಮನ ಜೊತೆ ಕುಕ್ಕರಗಾಲಲ್ಲಿ ಕೂತು ವಕ್ರವಕ್ರವಾಗಿ ರಂಗೋಲಿ ಎಳೆಯುತ್ತಿದ್ದಳು. ಸಂಜೆ ನೇರಳೆಹಣ್ಣು ತಿಂದು, ಯಾರ ನಾಲಿಗೆ ಹೆಚ್ಚು ನೀಲಿಯಾಗಿದೆ ಎಂದು ಇಬ್ಬರೂ ಕನ್ನಡಿಯ ಮುಂದೆ ನಿಲ್ಲುತ್ತಿದ್ದರು. ಅಮ್ಮನಿಗೆ ಇಂಗ್ಲಿಷ್ ಬಾರದು. ಮಾರ್ತಾಳಿಗೆ ‘ಊಟ’, ‘ಸಾಕು’ ಬಿಟ್ಟರೆ ಕನ್ನಡ ಬಾರದು.

ನಮ್ಮ ಹಿತ್ತಲಲ್ಲೂ ಒಂದು ಬಾವಿ ಇತ್ತು. ಬತ್ತಿದ ಮೇಲೆ ತಾತ, ಅಮ್ಮನ ಅಪ್ಪ, ಕಲ್ಲುಚಪ್ಪಡಿ ಹಾಕಿಸಿ ಮುಚ್ಚಿಸಿದ್ದರು. ಒಂದು ಭಾನುವಾರ ಮಧ್ಯಾಹ್ನ ಮಳೆ ಬಿಟ್ಟಾಗ ಮಾರ್ತಾ ಅದರ ಫೋಟೊ ತೆಗೆಯಲು ಹೋದಳು. ಅಮ್ಮನೂ ನಾನೂ ನಡುಮನೆಯಲ್ಲಿ ಬಟ್ಟೆ ಮಡಿಸುತ್ತಿದ್ದೆವು. ಇದ್ದಕ್ಕಿದ್ದಂತೆ ಭಾರೀ ಸದ್ದು. ಓಡಿ ಹೋಗಿ ನೋಡಿದರೆ ಚಪ್ಪಡಿ ಮುರಿದು ಬಾವಿಯೊಳಗೆ ಬಿದ್ದಿದೆ. ಮಾರ್ತಾ ಅಡುಗೆಮನೆಯ ಹಿಂಬಾಗಿಲ ಹತ್ತಿರ ಬಿಳಿಚಿಕೊಂಡು ನಿಂತಿದ್ದಾಳೆ.

ನೀರು ಕುಡಿದ ಮೇಲೆ ಹೇಳಿದಳು. ಅವಳು ಚಪ್ಪಡಿಯ ಮೇಲೆಯೇ ನಿಂತಿದ್ದಳಂತೆ. ಹಿಂಬಾಗಿಲಿನಿಂದ ಯಾರೋ ಹೆಂಗಸು ಕರೆದದ್ದು ಕೇಳಿಸಿತಂತೆ. ಅಮ್ಮನೇ ಇರಬೇಕೆಂದು ಇಳಿದು ಬಂದಳು, ಬೆನ್ನ ಹಿಂದೆಯೇ ಕಲ್ಲು ಕುಸಿಯಿತು. ಏನೆಂದು ಕರೆದರು ಎಂದು ಕೇಳಿದೆ. ಆಗಷ್ಟೇ ಮಾತು ಕಲಿಯುವ ಮಗುವಿನಂತೆ ತಡವರಿಸಿ ಹೇಳಿದಳು: "ಪುಟ್ಟಕ್ಕಾ, ಈ ಕಡೆ ಬಾರೇ."

ಅಮ್ಮ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಪುಟ್ಟಕ್ಕ ಎಂಬುದು ಅವಳ ಚಿಕ್ಕಂದಿನ ಹೆಸರು ಎಂದು ನನಗೆ ಗೊತ್ತಾದದ್ದೇ ಆಗ. ಹಾಗೆ ಕರೆಯುತ್ತಿದ್ದವರು ಅವಳ ತಾಯಿ, ನನ್ನ ಅಜ್ಜಿ ಒಬ್ಬರೇ. ಅಮ್ಮ ಜಾತಿ ಬಿಟ್ಟು ತನ್ನಿಷ್ಟದಂತೆ ಮದುವೆಯಾದಾಗ ಅಜ್ಜಿ ಮಾತು ಬಿಟ್ಟರು, ಮಾತಾಡದೆಯೇ ತೀರಿಕೊಂಡರು. ಅದಾದ ಮೇಲೆಯೇ ತಾತ ನಮ್ಮನ್ನು ಅಜ್ಜಿ ಬಾಳಿದ ಈ ಮನೆಗೆ ಕರೆಸಿಕೊಂಡದ್ದು.

ನಾನು ಸುಮ್ಮನಿರಲಿಲ್ಲ. ಪಕ್ಕದ ಮನೆಯವರನ್ನು ವಿಚಾರಿಸಿದೆ, ಅವರು ಆ ದಿನ ಊರಲ್ಲೇ ಇರಲಿಲ್ಲ. ಬೀದಿಯಲ್ಲಿ ಆ ಹೆಸರಿನವರು ಯಾರೂ ಸಿಗಲಿಲ್ಲ. ಹೆದರಿಕೆಯಲ್ಲಿ, ಎಲ್ಲೋ ಕಿವಿಗೆ ಬಿದ್ದ ಮಾತನ್ನು ಹುಡುಗಿ ಜೋಡಿಸಿಕೊಂಡಿರಬಹುದು ಎಂದುಕೊಂಡೆ. ಆದರೆ ಮನೆಮಗಳಾದ ನಾನೇ ಕೇಳಿರದ ಹೆಸರು ಅವಳ ಕಿವಿಗೆ ಎಲ್ಲಿ ಬಿದ್ದೀತು? ಮಾರ್ತಾ ಈಗಲೂ ಆಗಾಗ ಫೋನ್ ಮಾಡುತ್ತಾಳೆ. ಅವಳಿಗೂ ಉತ್ತರ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಅಮ್ಮನಿಗೆ ಬೇಕಾಗಿದ್ದ ಉತ್ತರವೇ ಬೇರೆ. ಆ ಸಂಜೆ ಮಾರ್ತಾಳ ಪಕ್ಕ ಕೂತು, "ಕೇಳೇ ಇವಳನ್ನ, ನಮ್ಮಮ್ಮನ ದನಿ ಕೋಪದಲ್ಲಿತ್ತಾ ಅಂತ" ಎಂದಳು. ನಾನು ಇಂಗ್ಲಿಷಿನಲ್ಲಿ ಕೇಳಿದೆ. ಮಾರ್ತಾ ಸ್ವಲ್ಪ ಯೋಚಿಸಿ, ಕೋಪವಿರಲಿಲ್ಲ, ಒಲೆಯ ಮೇಲೆ ಏನೋ ಇಟ್ಟು ಬಂದವರ ಹಾಗೆ ಅವಸರವಿತ್ತು, ಅಷ್ಟೇ ಎಂದಳು. ಅದನ್ನು ಕನ್ನಡದಲ್ಲಿ ಹೇಳಿದೆ. ಅಮ್ಮ ಎದ್ದು ಹಿಂಬಾಗಿಲ ಹತ್ತಿರ ಹೋಗಿ, ಅಡುಗೆಮನೆಯ ಕಡೆ ಮುಖ ಮಾಡಿ, ಮೆಲ್ಲಗೆ, "ಬಂದೆ ಕಣಮ್ಮಾ" ಎಂದಳು.