ಶುಕ್ರವಾರ ಹೋಗಿ ರವಿವಾರ ಬಂದಾಗ

ಕ್ಯಾಲೆಂಡರ್ ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಮೊನ್ನೆ ಜಪಾನ್ ಪ್ರವಾಸದ ಬಗ್ಗೆ ಏನೋ ಓದುತ್ತಿದ್ದೆ. ಅಲ್ಲಿಯ ಕೆಲವು ಕ್ಯಾಲೆಂಡರುಗಳಲ್ಲಿ ತಾರೀಖಿನ ಜೊತೆಗೆ ಆ ದಿನದ ಒಳಿತು ಕೆಡುಕನ್ನೂ ಅಚ್ಚು ಹಾಕುತ್ತಾರಂತೆ. ಒಂದು ದಿನ ಮುಂಜಾನೆ ಶುಭ, ಮಧ್ಯಾಹ್ನ ಅಶುಭ. ಇನ್ನೊಂದು ದಿನ ಪೂರ್ತಿ ಕೆಟ್ಟದ್ದು. ಇದರ ಮೇಲೆ ಸಾಲು ರಜೆ ಬಂದರೆ ಇಡೀ ದೇಶವೇ ರೈಲು ಹತ್ತುತ್ತದೆ, ಊರಿಗೆ ಹೊರಡುವವರು ಮೊದಲೇ ಎಲ್ಲ ನೋಡಿಕೊಳ್ಳಬೇಕಂತೆ. ಅಷ್ಟು ದೂರದ ದೇಶದಲ್ಲೂ ನಮ್ಮ ಅತ್ತೆಯಂಥವರು ಇದ್ದಾರೆಂದು ತಿಳಿದು ಸಮಾಧಾನವಾಗುವ ಬದಲು ಮೈ ಉರಿಯಿತು.

ನಾನು ಮದುವೆಯಾಗಿ ಶಹಾಪುರಕ್ಕೆ ಬಂದದ್ದು ನಿಜಾಮರ ಕಾಲದ ಕೊನೆಯಲ್ಲಿ. ತವರು ಸುರಪುರಕ್ಕೆ ಅಂಟಿಕೊಂಡ ರಂಗಂಪೇಟೆ. ಮುಂಜಾನೆ ಮೋಟಾರು ಹತ್ತಿದರೆ ಊಟದ ಹೊತ್ತಿಗೆ ಅವ್ವನ ಮುಂದೆ ಕೂತಿರಬಹುದು. ಆದರೆ ಕರೆದೊಯ್ಯಬೇಕಾದ ಗಂಡ ಸಾಲಿ ಮಾಸ್ತರ. ಆಗ ನಿಜಾಮರ ಸಾಲಿಗಳಿಗೆ ವಾರದ ಸೂಟಿ, ಅಂದರೆ ರಜೆ, ಶುಕ್ರವಾರ. ಶುಕ್ರವಾರ ಸೊಸೆ ಹೊಸ್ತಿಲು ದಾಟಿದರೆ ಮನೆಯ ಲಕ್ಷ್ಮಿಯೂ ಹಿಂದೆಯೇ ಹೋಗುತ್ತಾಳೆ ಎಂಬುದು ಅತ್ತೆಯ ಕಾನೂನು. ಗಂಡನಿಗೆ ಬಿಡುವಿದ್ದ ದಿನ ನನಗೆ ಬಾಗಿಲು ಬಂದ್; ನನಗೆ ಬಾಗಿಲು ತೆರೆದ ದಿನ ಅವರಿಗೆ ಸಾಲಿ. ಲಕ್ಷ್ಮಿ ಎನ್ನಿಸಿಕೊಂಡದ್ದಕ್ಕೆ ನನಗಾದ ಲಾಭ ಇಷ್ಟೇ.

ಆಮೇಲೆ ನಿಜಾಮರ ಆಳ್ವಿಕೆ ಮುಗಿಯಿತು. ಊರಲ್ಲಿ ಹೊಸ ಬಾವುಟ ಏರಿತು, ದೊಡ್ಡವರು ದೊಡ್ಡ ಮಾತಾಡಿದರು. ನನ್ನ ಪಾಲಿನ ಸ್ವಾತಂತ್ರ್ಯ ಬಂದದ್ದು ಮಾತ್ರ ಗಂಡ ಒಂದು ಸಂಜೆ ಟೊಪ್ಪಿಗೆ ಗೂಟಕ್ಕೆ ಹಾಕುತ್ತ, "ಇನ್ನ ಮ್ಯಾಲ ಸೂಟಿ ರವಿವಾರ ಅಂತ," ಎಂದಾಗ. ನನ್ನ ತವರಿನ ದಾರಿ ಬಿಡಿಸಲೆಂದೇ ಸರ್ಕಾರ ಬದಲಾಯಿತೆಂದು ನಂಬಿದ ಮೂರ್ಖಳು ನಾನು.

ಆ ವರ್ಷ ನಾಗರ ಪಂಚಮಿಗೆ ಹೋಗಲೇಬೇಕಿತ್ತು. ಹಬ್ಬ ಮುಗಿದ ಮರುದಿನ ತಂಗಿ ಗೌರಮ್ಮನನ್ನು ಗುರುಮಠಕಲ್ಲಿನಾಚೆ ಗಂಡನ ಮನೆಗೆ ಕಳಿಸುವವರಿದ್ದರು. ಮತ್ತೆ ಯಾವಾಗ ಕಾಣುವುದೋ. ಪಂಚಮಿ ಶುಕ್ರವಾರ. ಅದರ ಹಿಂದಿನ ರವಿವಾರವೇ ಹೊರಡೋಣವೆಂದು ಸೀರೆಯ ಗಂಟು ಕಟ್ಟಿದೆ. ಅತ್ತೆ ಗಂಟನ್ನೂ ನೋಡಿದರು, ನನ್ನನ್ನೂ ನೋಡಿದರು.

"ರವಿವಾರ ಅಮಾಸಿ ಅದವ್ವ. ಅಮಾಸಿ ದಿನ ಊರು ದಾಟ್ತಾರೇನು?"

ಸೋಮವಾರ ಬಸವಣ್ಣನ ವಾರ, ಎತ್ತು ಹೂಡುವಂತಿಲ್ಲ. ಮೋಟಾರಿಗೆ ಎತ್ತು ಎಲ್ಲಿದೆ ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಮಂಗಳವಾರ ಶುಕ್ರವಾರದಷ್ಟೇ ಕಟ್ಟುನಿಟ್ಟು. ಉಳಿದ ದಿನಗಳಿಗೆ ಸಾಲಿಯೊಂದೇ ಅಡ್ಡಿ. ಮಂಗಳವಾರ ಸಂಜೆ ಗಂಡ ಬಹಳ ಉದಾರವಾಗಿ ಹೇಳಿದರು:

"ಬರೂ ರವಿವಾರ ಹೋಗೂಣು ಬಿಡು."

"ಬರೂ ರವಿವಾರ ಯಾರನ್ನ ನೋಡ್ಲಿರಿ? ಅಷ್ಟ್ರಾಗ ಗೌರಿ ಹೋಗಿರ್ತಾಳ!" ನನ್ನ ದನಿ ನನಗೇ ಹೊಸದಾಗಿತ್ತು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕಡೆಗೂ ತಿರುಗಿದೆ. "ಅತ್ತಿ, ನಿಮ್ಮ ತವರು ವನದುರ್ಗ ಇಲ್ಲೇ ಅದ. ನೀವಾದ್ರೂ ಕಡೀಕ್ಕ ಯಾವಾಗ ಹೋಗಿದ್ರಿ?"

ಬಡಿಯುವ ಕೈ ನಿಂತಿತು.

"ನಮ್ಮವ್ವ ಸತ್ತಾಗ," ಎಂದರು. "ಸುದ್ದಿ ಬಂದದ್ದು ಮಂಗಳವಾರ. ನಿಮ್ಮ ಮಾವ ಬುಧವಾರ ಕಳಿಸಿದ್ರು. ನಾ ಹೋಗೂದ್ರಾಗ ಮಣ್ಣು ಮಾಡಿದ್ರು."

ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆಯೆದ್ದಿತು. ಅತ್ತೆ ಅದನ್ನು ತೆಗೆದು ಪಕ್ಕಕ್ಕೆಸೆದು ಮಗನಿಗೆ ಹೇಳಿದರು: "ನಾಳಿ ನಾನೇ ಕರಕೊಂಡು ಹೋಗ್ತೀನಿ ಇಕಿನ್ನ."

"ನಾಳಿ ಸಾಲಿ ಅದಲ್ಲವ್ವ. ನಂಗ ಸೂಟಿ ಇಲ್ಲ."

"ಸೂಟಿ ಇಲ್ದಾಕಿ ನಾನೂ ಹೌದಲ್ಲೋ. ನಿಜಾಮ ಇದ್ದಾಗ ಶುಕ್ರವಾರ ರೊಟ್ಟಿ ಬಡದೀನಿ, ಈಗ ರವಿವಾರ ಬಡಿಯಾಕತ್ತೀನಿ. ನಂಗ ಯಾ ಸರ್ಕಾರ ಸೂಟಿ ಕೊಟ್ಟದ? ಖಡಕ್ ರೊಟ್ಟಿ ಅವ, ಶೇಂಗಾ ಹಿಂಡಿ ಅದ. ತಿನ್ನು, ಸಾಲಿಗಿ ಹೋಗು."

ಬುಧವಾರ ಮುಂಜಾನೆ ಮೋಟಾರಿನಲ್ಲಿ ಅತ್ತೆ ಮುಂದಿನ ಸೀಟಿನ ಸರಳನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದರು. ದಾರಿಯುದ್ದಕ್ಕೂ ಬಿಡಲಿಲ್ಲ. ರಂಗಂಪೇಟೆಯಲ್ಲಿ ಗೌರಿ ಉಂಡಿ ಕಟ್ಟುತ್ತಿದ್ದ ಬೆಲ್ಲದ ಕೈಯಲ್ಲೇ ಓಡಿಬಂದು ನನ್ನನ್ನು ತಬ್ಬಿದಳು. ಅವ್ವ ಬಾಗಿಲ ಹೊರಗೆ ಕಣ್ಣಾಡಿಸಿ, "ಅಳಿಯಂದ್ರು ಬರ್ಲಿಲ್ಲೇನ್ರಿ ಬೀಗರ?" ಎಂದಳು.

"ಅವಗ ಸೂಟಿ ಸಿಗಲಿಲ್ರಿ," ಎಂದು ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ನಾವು ಹಂಗೇ ಬಂದೀವಿ."

ಹಂಗೇ ಬಂದೆವು. ಲಕ್ಷ್ಮಿ ಎಲ್ಲಿಗೂ ಹೋಗಲಿಲ್ಲ, ಗಂಡ ಹಸಿವಿನಿಂದ ಸೊರಗಲಿಲ್ಲ. ಅಷ್ಟು ಸಲೀಸಾಗಿ ಬರಬಹುದಿತ್ತು ಎಂಬುದಕ್ಕೇ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.