ಬಿಲ್ವದ ಮುಳ್ಳಿಗೆ ಚರ್ಮದ ಗ್ಲೌಸು

ಶಿವಮೊಗ್ಗದ ನಮ್ಮ ಮನೆಯ ಕಾಂಪೌಂಡಿನೊಳಗೆ ಒಂದು ಬಿಲ್ವದ ಮರವಿದೆ. ಅದರ ಮುಳ್ಳನ್ನು ಹತ್ತಿರದಿಂದ ನೋಡದವರಿಗೆ ಎಷ್ಟು ಹೇಳಿದರೂ ಕಡಿಮೆಯೇ. ಎಲೆಯ ಬುಡದಲ್ಲಿ ಅಡಗಿ ಕೂತಿರುತ್ತದೆ, ಗೋಣಿಚೀಲ ಹೊಲಿಯುವ ದಬ್ಬಣದಷ್ಟು ಗಟ್ಟಿ. ನಮ್ಮತ್ತೆ ದಿನಾ ಬೆಳಿಗ್ಗೆ ಆ ಮರಕ್ಕೆ ಕೈ ಹಾಕುತ್ತಾರೆ. ಸ್ನಾನ ಮುಗಿಸಿ, ಎಡಗೈಯಲ್ಲಿ ಕೊಂಬೆ ಬಗ್ಗಿಸಿ, ಬಲಗೈಯಲ್ಲಿ ಪತ್ರೆ ಬಿಡಿಸಿ ತರುತ್ತಾರೆ. ಆಮೇಲೆ ಕೊರಳಿನ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯ ಮೇಲಿಟ್ಟುಕೊಂಡು ಪೂಜೆಗೆ ಕೂರುತ್ತಾರೆ. ಕಾಫಿ ಕೂಡ ಅದಾದ ನಂತರವೇ.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮುಳ್ಳೊಂದು ಅದೇ ಎಡ ಅಂಗೈಗೆ ಇಳಿಯಿತು. ಅತ್ತೆಗೆ ಶುಗರ್ ಇದೆ. ಅರಿಶಿನ ಮೆತ್ತಿಕೊಂಡು, ಯಾರಿಗೂ ಹೇಳದೆ ಸುಮ್ಮನಿದ್ದುಬಿಟ್ಟರು. ನಮಗೆ ಗೊತ್ತಾಗುವಷ್ಟರಲ್ಲಿ ಕೈ ಊದಿ ಕೀವಾಗಿ, ಡಾಕ್ಟರು ಕೊಯ್ದು ಬ್ಯಾಂಡೇಜ್ ಕಟ್ಟಬೇಕಾಯಿತು. ಇನ್ನೊಂದು ಸಲ ಹೀಗಾದರೆ ಕೈ ಉಳಿಸುವುದು ಕಷ್ಟ, ಆ ಮರದ ಸಹವಾಸ ಬಿಡಿ ಎಂದರು ಡಾಕ್ಟರು. ಅತ್ತೆ ತಲೆಯಾಡಿಸಿದರು. ಅವರು ತಲೆಯಾಡಿಸಿದರೆ ಒಪ್ಪಿದರು ಎಂದಲ್ಲ, ಮಾತು ಮುಗಿಸಿ ಎಂದರ್ಥ.

ಕೈಗೆ ಕಟ್ಟು ಬಿದ್ದ ಮೇಲೆ ಲಿಂಗವನ್ನು ತಟ್ಟೆಯಲ್ಲಿಟ್ಟು ಪೂಜೆ ಮಾಡತೊಡಗಿದರು. ಪತ್ರೆ ಕೀಳುವ ಕೆಲಸ ನನಗೆ ಬಂತು. ನಾನು ತಂದದ್ದರಲ್ಲಿ ಅರ್ಧದಷ್ಟನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಒಂದಕ್ಕೆ ಹುಳ ಹಿಡಿದಿದೆ, ಇನ್ನೊಂದರ ಮೂರನೇ ದಳ ಹರಿದಿದೆ. ಸೊಸೆ ಕೆಲಸದಲ್ಲಿ ತಪ್ಪು ಹುಡುಕುತ್ತಿದ್ದಾರೆ ಎಂದು ನನಗೆ ಮೂಗಿನ ತುದಿಯಲ್ಲೇ ಕೋಪ. ಆದರೆ ಒಂದು ಬೆಳಿಗ್ಗೆ ಅವರು ಕಟ್ಟು ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, "ಅಂಗೈ ಖಾಲಿ ಅನ್ಸುತ್ತೆ ಕಣೇ, ಪೂಜೆ ಮಾಡ್ದಂಗೇ ಆಗಲ್ಲ" ಎಂದರು. ನನ್ನ ಕೋಪ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಗಾಯ ವಾಸಿಯಾದ ಮರುದಿನವೇ ಇವರು ಮತ್ತೆ ಮರಕ್ಕೆ ಬರಿಗೈ ಹಾಕುತ್ತಾರೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಬಿ.ಎಚ್. ರಸ್ತೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಮೊಣಕೈ ಹತ್ತಿರದವರೆಗೂ ಬರುವ, ವೆಲ್ಡಿಂಗ್ ಮಾಡುವವರು ಹಾಕಿಕೊಳ್ಳುವ ದಪ್ಪ ಗ್ಲೌಸು ತಂದೆ. ಏನೋ ಸಾಧಿಸಿದವಳಂತೆ ಅತ್ತೆಯ ಮುಂದಿಟ್ಟೆ. ಅವರು ಮುಟ್ಟಲಿಲ್ಲ, ಬಗ್ಗಿ ಮೂಸಿ ನೋಡಿದರು.

"ಚರ್ಮ ಹಾಕ್ಕಂಡು ಪೂಜೆ ಪತ್ರೆ ಕೀಳಕ್ಕಾಗುತ್ತಾ ಮಾರಾಯ್ತಿ?"

ನನಗದು ಹೊಳೆದೇ ಇರಲಿಲ್ಲ. ಚಪ್ಪಲಿಯನ್ನು ಗೇಟಿನ ಹತ್ತಿರವೇ ಬಿಡಿಸುವ ಮನೆಗೆ, ಲಿಂಗದ ಮೇಲೆ ಏರುವ ಪತ್ರೆಗೆಂದು, ಹುಡುಕಿ ಹುಡುಕಿ ಚರ್ಮ ತಂದಿದ್ದೆ. ಗ್ಲೌಸು ಸೀದಾ ಚಪ್ಪಲಿ ಸ್ಟ್ಯಾಂಡಿಗೆ ಹೋಯಿತು.

ಸರಿ, ಬೇರೆ ಆರಿಸೋಣ ಎಂದು ಈ ಸಲ ಅತ್ತೆಯನ್ನೂ ಕರೆದುಕೊಂಡು ಹೋದೆ. ಅವರು ಬಟ್ಟೆಚೀಲದಲ್ಲಿ ಒಂದು ಬಿಲ್ವದ ಕಡ್ಡಿಯನ್ನು ಮುಳ್ಳಿನ ಸಮೇತ ತಂದಿದ್ದರು. ಅಂಗಡಿಯವರು ಒಂದೊಂದು ಗ್ಲೌಸು ತೆಗೆದಿಟ್ಟ ಹಾಗೆ ಅದಕ್ಕೆ ಮುಳ್ಳು ಒತ್ತಿ ನೋಡುವುದು. ಹತ್ತಿಯದರಲ್ಲಿ ಮುಳ್ಳು ನೀರಿಗಿಳಿದ ಹಾಗೆ ಇಳಿಯಿತು. ಪಾತ್ರೆ ತೊಳೆಯುವ ರಬ್ಬರಿನದು ಪಟ್ಟನೆ ತೂತಾಯಿತು. ಅಂಗೈಗೆ ಮಾತ್ರ ರಬ್ಬರ್ ಬಳಿದ ನೀಲಿ ಗ್ಲೌಸು ಸ್ವಲ್ಪ ತಡೆಯಿತು, ಆಮೇಲೆ ಅದೂ ಸೋತಿತು. ಅಂಗಡಿಯವರ ಮುಖ ನೋಡಿ ನಾನೇ ತೂತಾದವನ್ನೆಲ್ಲ ಕಟ್ಟಿಸಿಕೊಂಡೆ. ಕೊನೆಗೆ ಅಂಗಡಿಯವರೇ ಚರ್ಮದ ಗ್ಲೌಸಿಗೆ ಮುಳ್ಳು ಒತ್ತಿ ತೋರಿಸಿದರು, ಅದೊಂದೇ ತಡೆಯುವುದು ಎಂದು ಅತ್ತೆ ಕಣ್ಣಾರೆ ಕಂಡರು. ಆದರೂ ಆಟೋದಲ್ಲಿ ಕೂತು, ಗಾಯ ಒಣಗಲಿ, ಹುಷಾರಾಗಿ ಬರಿಗೈಲೇ ಕೀಳುತ್ತೇನೆ ಎಂದರು. ಡಾಕ್ಟರು ಹೇಳಿದ ಮಾತನ್ನು ನೆನಪಿಸಿದೆ, ಅತ್ತೆ ತಲೆಯಾಡಿಸಿದರು.

ಆ ಭಾನುವಾರ ಭದ್ರಾವತಿಗೆ ಹೋದೆವು. ಓಲ್ಡ್ ಟೌನಿನಲ್ಲಿ ಅತ್ತೆಯ ಅಣ್ಣನ ಮನೆ. ನಾನೂ ಅವರನ್ನು ಮಾವ ಎಂದೇ ಕರೆಯುವುದು. ಅಲ್ಲಿನ ಕಬ್ಬಿಣದ ಕಾರ್ಖಾನೆಯ ಫರ್ನೇಸ್ ಮುಂದೆ ದುಡಿದು ರಿಟೈರ್ ಆದವರು, ಮಾತು ಕಡಿಮೆ. ಅವರ ಹತ್ತಿರ ದೂರು ಹೇಳಲೆಂದೇ ನಾನು ಆ ಚರ್ಮದ ಗ್ಲೌಸನ್ನು ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಊಟವಾದ ಮೇಲೆ ಅದನ್ನು ತೆಗೆದು, ನಡೆದದ್ದನ್ನೆಲ್ಲ ಹೇಳಿದೆ. ಮಾವ ಗ್ಲೌಸು ಕೈಗೆ ತೆಗೆದುಕೊಂಡು, ಹೊಲಿಗೆ ಎಳೆದು ನೋಡಿ, ಹಾಕಿಕೊಳ್ಳಲೆಂದು ತುಂಬು ತೋಳಿನ ಅಂಗಿಯನ್ನು ಮೇಲಕ್ಕೆ ಮಡಚಿದರು.

ಮದುವೆಯಾಗಿ ಬಂದಾಗಿನಿಂದ ಅವರನ್ನು ನೋಡಿದ್ದೇನೆ, ಅವರ ತೋಳನ್ನು ನೋಡಿದ್ದು ಅಂದೇ ಮೊದಲು. ಮೊಣಕೈಯ ಸುತ್ತ, ಅದರ ಮೇಲೆ, ಎಲ್ಲೆಲ್ಲೂ ಸುಟ್ಟ ಕಲೆ. ಕೆಂಡದ ಕಿಡಿ ಸಿಡಿದ ಗುರುತು, ಒಂದರ ಮೇಲೊಂದು. ಆ ಕಲೆಗಳೆಲ್ಲ ಮೊಣಕೈಗಿಂತ ಸ್ವಲ್ಪ ಕೆಳಗೆ, ಗೆರೆ ಎಳೆದ ಹಾಗೆ, ಒಂದೇ ಕಡೆ ನಿಂತಿದ್ದವು. ಅಲ್ಲಿಂದ ಬೆರಳ ತುದಿಯವರೆಗೆ ಒಂದು ಚುಕ್ಕೆಯೂ ಇರಲಿಲ್ಲ. ಗ್ಲೌಸು ಹಾಕಿಕೊಂಡರು. ಅದರ ಅಂಚು ಸರಿಯಾಗಿ ಆ ಗೆರೆಗೆ ಬಂದು ಕೂತಿತು. ಕರಗಿದ ಕಬ್ಬಿಣದ ಎದುರು ಒಂದು ಆಯುಷ್ಯ ಕಳೆದ ಕೈ ಅದು!

ಮಾವ ಗ್ಲೌಸು ಬಿಚ್ಚಿ ತಂಗಿಯ ಮುಂದೆ ಎಡ ಅಂಗೈ ಚಾಚಿದರು.

"ನಾನೂ ಇದೇ ಅಂಗೈಲೇ ಲಿಂಗ ಇಟ್ಕಳದು. ಚರ್ಮ ಹಾಕ್ಕಳ್ದೆ ಹೋಗಿದ್ರೆ ಇಡಕ್ಕೆ ಅಂಗೈ ಎಲ್ಲಿರ್ತಿತ್ತು?"

ಅತ್ತೆ ಹತ್ತಿರ ಸರಿದರು. ಅಣ್ಣನ ತೋಳಿನ ಆ ಗೆರೆಯ ಮೇಲೆ ಬೆರಳಾಡಿಸಿದರು, ಈ ತುದಿಯಿಂದ ಆ ತುದಿಯವರೆಗೆ. ಅವರ ಕಣ್ಣು ತುಂಬಿತ್ತು. ಇಷ್ಟು ವರ್ಷ ಒಮ್ಮೆಯೂ ತೋರಿಸಲಿಲ್ಲವಲ್ಲ ಎಂದು ಕೊನೆಗೆ ಗೊಣಗಿದರು. ತೋರಿಸುವಂಥದ್ದೇನಿದೆ ಎಂದು ಮಾವ ಅಂಗಿ ಇಳಿಸಿಕೊಂಡು ಎಲೆ ಅಡಿಕೆ ತಟ್ಟೆ ಎಳೆದುಕೊಂಡರು.

ವಾಪಸ್ ಬರುವ ಬಸ್ಸಿನಲ್ಲಿ ಅತ್ತೆ ಚೀಲದಿಂದ ಗ್ಲೌಸು ತೆಗೆಯಲು ಹೇಳಿದರು. ಎರಡರಲ್ಲಿ ಎಡಗೈಯದನ್ನು ಮಾತ್ರ ತೊಡೆಯ ಮೇಲಿಟ್ಟುಕೊಂಡು ಶಿವಮೊಗ್ಗದವರೆಗೂ ಯೋಚಿಸುತ್ತಾ ಕೂತಿದ್ದರು. ಇಳಿಯುವಾಗ ತೀರ್ಮಾನ ಹೇಳಿದರು. ಮುಳ್ಳಿನ ಕೊಂಬೆ ಹಿಡಿಯುವ ಎಡಗೈಗೆ ಗ್ಲೌಸು. ಪತ್ರೆ ಬಿಡಿಸುವ ಬಲಗೈಗೆ ಏನೂ ಬೇಡ, ಎಲೆಗೆ ಚರ್ಮ ತಾಗುವುದಿಲ್ಲ.

ಕಟ್ಟು ಬಿಚ್ಚಿ, ಗಾಯ ಪೂರ್ತಿ ಒಣಗಿದ ಮೇಲೆ ಅವರು ಮತ್ತೆ ಮರದ ಹತ್ತಿರ ಹೋದರು. ಆ ದೊಡ್ಡ ಗ್ಲೌಸಿನೊಳಗೆ ಅವರ ಸಣ್ಣ ಕೈ ಕಳೆದೇ ಹೋದಂತಿತ್ತು. ಕೊಂಬೆ ಹಿಡಿದರು, ಮುಳ್ಳು ಚರ್ಮಕ್ಕೆ ಒತ್ತಿ ಅಲ್ಲೇ ನಿಂತಿತು. ಪತ್ರೆ ಬಿಡಿಸಿಕೊಂಡು, ಗ್ಲೌಸನ್ನು ಚಪ್ಪಲಿ ಸ್ಟ್ಯಾಂಡಿನ ಮೇಲೆ ಹಾಕಿ, ಕೈ ತೊಳೆದು ಒಳಗೆ ಹೋದರು. ನಾನು ಪೂಜೆಗೀಜೆಯ ಕಡೆ ತಲೆ ಹಾಕುವವಳಲ್ಲ. ಅಂದು ಬಾಗಿಲಲ್ಲಿ ನಿಂತು ನೋಡಿದೆ. ಅಂಗೈಯ ನಡುವಿನ ತೆಳ್ಳನೆಯ ಕಲೆಯ ಮೇಲೆ ಲಿಂಗ ಕೂತಿತು. ಕೈ ಒಂದಿಷ್ಟೂ ಅಲುಗಲಿಲ್ಲ.

ಪೂಜೆ ಮುಗಿಸಿ, ಬೆರಳಲ್ಲಿ ವಿಭೂತಿ ಇರುವ ಹಾಗೆಯೇ ಹೊರಗೆ ಬಂದರು. ಕಾಫಿ ಕೇಳುತ್ತಾರೆಂದುಕೊಂಡೆ. ಸೀದಾ ಸ್ಟ್ಯಾಂಡಿನ ಹತ್ತಿರ ಹೋಗಿ, ಗ್ಲೌಸನ್ನು ಎತ್ತಿಕೊಂಡು, ಅದರ ಬೆನ್ನಿಗೆ ಮೂರು ಬೆರಳಿನಿಂದ ವಿಭೂತಿ ಎಳೆದರು.

"ಇನ್ಮೇಲೆ ಇದನ್ನ ಚಪ್ಪಲಿ ಜೊತೆ ಇಡಬೇಡ" ಎಂದರು.