ಕಾಕಾ ಒಣಗಿಸಿದ ಬಾಗಿಲು

ನಮ್ಮ ಕಾಕಾನ ಎಡಗೆನ್ನೆಗೆ ಸದಾ ಮರದ ಪುಡಿ ಮೆತ್ತಿಕೊಂಡಿರುತ್ತಿತ್ತು. ತೇವ ಅಳೆಯುವ ಮೀಟರ್ ಜೇಬಿನಲ್ಲೇ ಇದ್ದರೂ ಪುಣ್ಯಾತ್ಮ ಮೊದಲು ಹಲಗೆಯನ್ನು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದ. ತಣ್ಣಗೆ ಅನ್ನಿಸಿದರೆ, "ಇನ್ನೂ ಹಸಿ ಐತಿ ನೋಡವಾ," ಎಂದು ನನಗೆ ಹೇಳಿ ಮತ್ತೆ ಮೆಷಿನ್‌ಗೆ ತುರುಕುತ್ತಿದ್ದ.

ಧಾರವಾಡದಿಂದ ಮುಂಬಯಿಗೆ ಬಂದು ಎಲೆಕ್ಟ್ರಿಕಲ್ ಎಂಜಿನಿಯರ್ ಆಗಿದ್ದವನು, ಒಳ್ಳೆಯ ನೌಕರಿ ಬಿಟ್ಟು ಬೊರಿವಲಿಯ ಶೆಡ್ಡೊಂದರಲ್ಲಿ ಕಟ್ಟಿಗೆ ಒಣಗಿಸುವ ಮೆಷಿನ್ ಕಟ್ಟುತ್ತಿದ್ದ. ಬೆಂಕಿಯಿಲ್ಲ, ಬಿಸಿಗಾಳಿಯಿಲ್ಲ. ಎರಡು ಲೋಹದ ತಟ್ಟೆಗಳ ನಡುವೆ ಹಲಗೆಯಿಟ್ಟು ವಿದ್ಯುತ್ ಹರಿಸಿದರೆ ಮರದೊಳಗಿನ ನೀರೇ ಕಾದು ಹೊರಬರುತ್ತಿತ್ತು. ಎಲ್ಲ ಸರಿ, ಕೊಳ್ಳುವವರೇ ಇಲ್ಲ. ಈ ಮಳೆಗಾಲದೊಳಗೆ ಗಿರಾಕಿ ಸಿಗದಿದ್ದರೆ ಮತ್ತೆ ನೌಕರಿಗೆ ಸೇರಬೇಕೆಂದು ಅವನ ಹೆಂಡತಿ, ನಮ್ಮ ಕಾಕು, ಗಡುವು ಹಾಕಿದ್ದಳು. ಕಾಕಾ ಒಪ್ಪಿದ್ದೇನೋ ಹೌದು, ಆದರೆ ಊಟ ಸೇರುತ್ತಿರಲಿಲ್ಲ.

ಜುಲೈನ ಒಂದು ಬೆಳಿಗ್ಗೆ ಬಾಂದ್ರಾದಲ್ಲಿ ಹೋಟೆಲುಗಳಿಗೆ ಟೇಬಲ್ಲು, ಕುರ್ಚಿ ಮಾಡಿಕೊಡುವ ಉಡುಪಿ ಕಡೆಯ ಮಾಲೀಕರೊಬ್ಬರು ಮೆಷಿನ್ ನೋಡಲೆಂದು ಮನೆಗೇ ಬಂದರು. ಸ್ನಾನಕ್ಕೆ ಹೋದ ಕಾಕಾ ಮಾತ್ರ ಹೊರಗೆ ಬರಲೇ ಇಲ್ಲ. ಬೇಸಿಗೆಯಲ್ಲಿ ತಾನೇ ಒಣಗಿಸಿ ಹಾಕಿಸಿದ್ದ ಬಚ್ಚಲ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಒಳಗಿನಿಂದ ದಬದಬ ಬಡಿತ. ಕಾಕುವಿನ ಮುಖ ಸಣ್ಣದಾಯಿತು. "ಆ ಬಾಗ್ಲಾ ಬಾಜಾರದಾಗ ತಂದದ್ರೀ," ಎಂದುಬಿಟ್ಟಳು.

"ಸುಳ್ಳ ಹೇಳಬ್ಯಾಡ," ಒಳಗಿಂದ ಕಾಕಾನ ದನಿ. "ನಮ್ಮ ಮೆಷಿನ್‌ನಾಗ ಒಣಗಿಸಿದ್ದರೀ ಅದು. ನಾನ ಅತೀ ಒಣಗಿಸೇನಿ. ಮಳಿಗಾಲದ ಹಸಿ ಎಲ್ಲಾ ಕುಡದು ಉಬ್ಬೇತಿ. ಇಲ್ಲಿ ಗಾಳಿಗೆ ಹೊಂದೂವಷ್ಟು ಹಸಿ ಬಿಡಬೇಕಿತ್ತು."

ಹೋಯಿತು ಗಿರಾಕಿ ಎಂದುಕೊಂಡೆ.

ಮಾಲೀಕರು ನಗತೊಡಗಿದರು. "ಎಂಥ ಮಾರಾಯ್ರೆ, ಮಾರಲಿಕ್ಕೆ ಹೊರಟವರು ಹೀಗೆ ಹೇಳುವುದುಂಟಾ? ಸ್ವಲ್ಪ ಹಿಂದೆ ನಿಲ್ಲಿ," ಎಂದು ಬಾಗಿಲಿಗೆ ಭುಜ ಕೊಟ್ಟರು. ಬಾಗಿಲು ತೆರೆಯಿತು. ಟವೆಲಿನಲ್ಲೇ ನಿಂತು ಕಾಕಾ ನಮಸ್ಕಾರ ಮಾಡಿದ.

"ಎಲ್ಲಿ ನಿಲ್ಲಿಸಬೇಕು ಅಂತ ಮೆಷಿನ್‌ಗೆ ಕಲಿಸಿ. ಮೊದಲನೆಯದು ನನಗೇ ಇರಲಿ," ಎಂದರು ಅವರು.

ಕಾಕಾ ಕಲಿಸಿದ. ಗಾಳಿಯ ತೇವ ನೋಡಿಕೊಂಡು ತಾನೇ ನಿಲ್ಲುವ ಮೆಷಿನ್ ಆಯಿತು. ನೌಕರಿಯ ಮಾತನ್ನು ಕಾಕು ಮತ್ತೆ ಎತ್ತಲಿಲ್ಲ.

ಈಗ ಕಾಕಾ ಇಲ್ಲ, ಶೆಡ್ ನಾನು ನೋಡಿಕೊಳ್ಳುತ್ತೇನೆ. ಮೊನ್ನೆ ವಿಜಯಪುರ ಕಡೆಯ ಗಿರಾಕಿಯೊಬ್ಬರು ನಮ್ಮಲ್ಲಿ ಒಣಗಿಸಿ ಒಯ್ದಿದ್ದ, ಈಗ ಸೀಳು ಬಿಟ್ಟ ಹಲಗೆ ತಂದು ಮುಂದಿಟ್ಟರು. "ನಮ್ಮದೇ ತಪ್ಪು, ಬೇರೆ ಕೊಡುತ್ತೇನೆ," ಎಂದೆ. ಹೇಳಿದ ಮೇಲೆ ಇದನ್ನು ನನಗೆ ಕಲಿಸಿದವನು ನೆನಪಾಗಿ ಕಣ್ಣು ತುಂಬಿಬಂತು. ಗಿರಾಕಿ ಗಾಬರಿಯಾದರು.

"ಒಂದ ಹಲಗಿ ಸಲುವಾಗಿ ಯಾಕ ಅಳತೀರಿ ಮೇಡಮ್, ಇರ್ಲಿ ಬಿಡ್ರೀ," ಎಂದರು.